ಅಧ್ಯಕ್ಷರ ಪಕ್ಕದ ಕುರ್ಚಿ

ಜೀವಂತ ಇರುವ ಮನುಷ್ಯ ತನ್ನ ಶ್ರದ್ಧಾಂಜಲಿಗೆ ತಾನೇ ಎದ್ದು ನಿಂತು ತಲೆ ಬಗ್ಗಿಸುವುದು ಅಪರೂಪ. ಬೀದಿ ವರ್ತಕರ ಸಂಘದಲ್ಲಿ ಅದೂ ಆಗಿಹೋಯಿತು. ವಾರ್ಷಿಕೋತ್ಸವದ ದಿನ, ತುಂಬಿದ ಸಭೆಯಲ್ಲಿ, ಫೋಟೋಗ್ರಾಫರ್ ಸಮಕ್ಷಮದಲ್ಲಿ.

ಸಂಘದ ಹಾಲ್ ಇರುವುದು ಹಾಸಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗಿನ ಅಂಗಡಿಯ ಯಜಮಾನರೇ ಮೇಲಿನ ಸಂಘದ ಅಧ್ಯಕ್ಷರು. ಅಂದು ಅವರು ಬೀದಿಯ ಚರಂಡಿಯ ಬಗ್ಗೆ ಮಾತನಾಡುತ್ತಿದ್ದರು. ಚರಂಡಿಗೆ ಇಲ್ಲದ ಹರಿವು ಭಾಷಣಕ್ಕಿತ್ತು. ಹರಿದು ಹರಿದು ಗಂಟಲು ಒಣಗಿದಾಗ ಮಾತು ನಿಲ್ಲಿಸಿ ನೀರಿನ ಲೋಟಕ್ಕೆ ಕೈ ಹಾಕಿದರು. ಹಾಲ್ ಒಮ್ಮೆಲೇ ನಿಶ್ಶಬ್ದವಾಯಿತು.

ಆ ನಿಶ್ಶಬ್ದದಲ್ಲಿ ವೇದಿಕೆಯ ಎಡಗಡೆ ಕಂಬದ ಪಕ್ಕದ ಕುರ್ಚಿಯಿಂದ ಉಪಾಧ್ಯಕ್ಷರು ಧಿಗ್ಗನೆ ಎದ್ದರು. ಬೀದಿಯ ಎದುರು ಸಾಲಿನ ಕನ್ನಡಕದ ಅಂಗಡಿಯವರು ಅವರು. ತಮ್ಮ ಕಪ್ಪು ಕನ್ನಡಕ ಸರಿಮಾಡಿಕೊಂಡು, ಮೈಕಿನ ಹತ್ತಿರ ಬಗ್ಗಿ, ಎಷ್ಟೋ ವರ್ಷಗಳಿಂದ ಹದಗೊಂಡ ದನಿಯಲ್ಲಿ ಹೇಳಿದರು:

“ಅಗಲಿದ ಆತ್ಮಕ್ಕೆ ಶಾಂತಿ ಕೋರಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕಾಗಿ ವಿನಂತಿ.”

ಈ ಮಾತು ಕೇಳಿದರೆ ಆ ಬೀದಿಯ ಜನರ ಕಾಲು ತಾನಾಗಿಯೇ ನೆಟ್ಟಗಾಗುತ್ತದೆ. ಹಾಲಿಗೆ ಹಾಲೇ ಎದ್ದಿತು. ಅಧ್ಯಕ್ಷರೂ ಲೋಟ ಕೆಳಗಿಟ್ಟು, ಕೈ ಕಟ್ಟಿ, ತಲೆ ಬಗ್ಗಿಸಿದರು. ಅರ್ಧ ನಿಮಿಷ ಕಳೆದ ಮೇಲೆ ಅವರಿಗೆ ಒಂದು ಅನುಮಾನ ಬಂತು. ಮೆಲ್ಲಗೆ ಪಕ್ಕಕ್ಕೆ ವಾಲಿ, ಆದರೆ ಮೈಕಿನಿಂದ ದೂರ ಹೋಗುವುದನ್ನು ಮರೆತು, “ಯಾರು ಹೋಗಿದ್ದು?” ಎಂದು ಕೇಳಿದರು.

ಯಾರೂ ಉತ್ತರ ಕೊಡಲಿಲ್ಲ. ನಿಮಿಷ ಇನ್ನೂ ಮುಗಿದಿರಲಿಲ್ಲ. ಎಲ್ಲರೂ ಅವರನ್ನೇ ನೋಡಿದರು, ಅಷ್ಟೆ.

ಎರಡನೇ ಸಾಲಿನಲ್ಲಿ ನಿಂತಿದ್ದ ಉಪಾಧ್ಯಕ್ಷರ ಹೆಂಡತಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಅದು ಭಕ್ತಿಯಿಂದಲ್ಲ. ಅವಳ ಮುಂದೆ, ಮೊದಲ ಸಾಲಿನಲ್ಲಿ, ಅಧ್ಯಕ್ಷರ ಹೆಂಡತಿಯ ತುರುಬು ಗಡಗಡ ನಡುಗುತ್ತಿತ್ತು. ಆ ತುರುಬು ಅವಳ ಒಡಹುಟ್ಟಿದ ಅಕ್ಕನದು. ಅಂದರೆ ಅಧ್ಯಕ್ಷರೂ ಉಪಾಧ್ಯಕ್ಷರೂ ವೇದಿಕೆಯ ಮೇಲೆ ಪದಾಧಿಕಾರಿಗಳು, ಮನೆಯಲ್ಲಿ ಷಡ್ಡಕರು. ಬೀದಿಗೆ ಇದಕ್ಕಿಂತ ದೊಡ್ಡ ಮನರಂಜನೆ ಬೇಕಿರಲಿಲ್ಲ.

ಈ ಹೆಣ್ಣುಮಗಳ ಕಷ್ಟ ತಿಳಿಯಬೇಕಾದರೆ ಉಪಾಧ್ಯಕ್ಷಗಿರಿ ಎಂಬುದು ಎಲ್ಲಿಂದ ಎಲ್ಲಿಗೆ ಬಂತು ಅಂತ ಒಂಚೂರು ಹಿಂದೆ ತಿರುಗಿ ನೋಡಬೇಕು.

ಅವಳ ಮದುವೆಯ ಮಾತುಕತೆ ನಡೆದಾಗ ಸೋದರಮಾವ ಎದೆಯುಬ್ಬಿಸಿ ಹೇಳಿದ್ದ: “ಹುಡುಗ ಸಂಘದ ಉಪಾಧ್ಯಕ್ಷ. ಅಧ್ಯಕ್ಷ ಆಗೋದು ಇವತ್ತೋ ನಾಳೆಯೋ, ಅಷ್ಟೆ.” ಆಗ ಆ ಪದವಿಗೆ ತೂಕವಿತ್ತು. ಸಂಘ ಕಟ್ಟಿದ ಹಿರಿಯರು ಮಹಾ ಬುದ್ಧಿವಂತರು. ಚುನಾವಣೆಯಲ್ಲಿ ಗೆದ್ದವನು ಅಧ್ಯಕ್ಷ, ಅವನ ಎದುರು ಸೋತವನು ಉಪಾಧ್ಯಕ್ಷ ಎಂದು ನಿಯಮ ಮಾಡಿದ್ದರು. ಸೋತವನಿಗೆ ಸಮಾಧಾನ ಆಗಲಿ ಎಂಬ ಒಳ್ಳೆಯ ಉದ್ದೇಶ. ಆದ ಸಮಾಧಾನ ಎಂಥದ್ದೆಂದರೆ, ಮೊದಲ ಉಪಾಧ್ಯಕ್ಷನಾದ ಬೀಗದಂಗಡಿಯವನು ಅಧ್ಯಕ್ಷರು ಬಾಯಿ ತೆರೆಯುವ ಮೊದಲೇ “ಆಗಲ್ಲ” ಎನ್ನುತ್ತಿದ್ದ. ಒಮ್ಮೆ ಅಧ್ಯಕ್ಷರು ಬರೇ ಆಕಳಿಸಿದ್ದಕ್ಕೂ “ಆಗಲ್ಲ” ಎಂದುಬಿಟ್ಟ. ಅವನು ಹೋದ ಮೇಲೆ ಸೋತು ಗೆದ್ದವರು ನಮ್ಮ ಕನ್ನಡಕದವರು. ಆಗಿನ್ನೂ ಬಿಸಿರಕ್ತ, ಕಪ್ಪು ಕನ್ನಡಕವೂ ಇರಲಿಲ್ಲ. ಕೆಂಪು ಕಣ್ಣು ಎಲ್ಲರಿಗೂ ಕಾಣುತ್ತಿತ್ತು. ಕಸದ ತೊಟ್ಟಿಯನ್ನು ಬೀದಿಯ ಆ ತುದಿಗೆ ಇಡಬೇಕೋ ಈ ತುದಿಗೋ ಎಂಬ ಸಭೆಯಲ್ಲಿ ಅವರು ಮೇಜು ಗುದ್ದಿದ ಸದ್ದಿಗೆ ಕೆಳಗಿನ ಅಂಗಡಿಯಲ್ಲಿ ಹತ್ತಿ ಉದುರಿತಂತೆ. ಹೊಸ ಹೆಂಡತಿ ಮೆಟ್ಟಿಲ ಮೇಲೆ ನಿಂತು ಆ ಗುದ್ದು ಕೇಳಿ ಹಿಗ್ಗಿದ್ದಳು.

ಆ ಗುದ್ದಾಟದ ಫಲವಾಗಿ ಕಸದ ತೊಟ್ಟಿ ಎಲ್ಲಿತ್ತೋ ಅಲ್ಲೇ ಉಳಿಯಿತು, ನಿಯಮ ಮಾತ್ರ ಬದಲಾಯಿತು. ಇನ್ನು ಮುಂದೆ ಅಧ್ಯಕ್ಷರೇ ತಮಗೆ ಬೇಕಾದವರನ್ನು ಉಪಾಧ್ಯಕ್ಷರನ್ನಾಗಿ ಆರಿಸಿಕೊಳ್ಳಬಹುದು. ಅಷ್ಟರಲ್ಲಿ ಅಕ್ಕನ ಗಂಡ ಚುನಾವಣೆ ಗೆದ್ದರು. “ಹೊರಗಿನವರು ಯಾಕೆ? ಮನೆಯವರೇ ಇರಲಿ” ಎಂದು ಷಡ್ಡಕನ ಹೆಗಲ ಮೇಲೆ ಕೈ ಹಾಕಿದರು. ಆ ಕೈ ಅಲ್ಲಿಂದ ಇಳಿಯಲೇ ಇಲ್ಲ. ಹುಲಿಯ ಹಾಗಿದ್ದ ಹುದ್ದೆ ಹುಲ್ಲು ತಿನ್ನಲು ಕಲಿಯಿತು. ಅಧ್ಯಕ್ಷರು ಏನೇ ಹೇಳಲಿ, ತಲೆಯಾಡಿಸುವುದು ಕೆಲಸ. ತಲೆಯಾಡಿಸಿ ಆಡಿಸಿ ಕುತ್ತಿಗೆ ಎಷ್ಟು ಪಳಗಿತೆಂದರೆ, ಮನೆಯಲ್ಲಿ ಸೊಳ್ಳೆ ಓಡಿಸಲು ತಲೆ ಅಲ್ಲಾಡಿಸಿದರೂ ಒಪ್ಪಿಗೆ ಕೊಟ್ಟ ಹಾಗೇ ಕಾಣುತ್ತಿತ್ತು.

ಉಪಾಧ್ಯಕ್ಷರಿಗೆ ಉಳಿದ ಕೆಲಸಗಳೆಂದರೆ ವಂದನಾರ್ಪಣೆ, ಸತ್ತ ಸದಸ್ಯರಿಗೆ ಮೌನಾಚರಣೆ, ಮತ್ತು ಮತ ಸಮಸಮ ಬಿದ್ದಾಗ ಕೊಡುವ ನಿರ್ಣಾಯಕ ಮತ. ಈ ಕೊನೆಯದು ಸಾಕ್ಷಾತ್ ಬ್ರಹ್ಮಾಸ್ತ್ರ. ಅದನ್ನು ಬಿಡುವ ಸಂದರ್ಭ ಬಂದದ್ದು ಒಂದೇ ಸಲ. ಹಾಲಿನ ಬಾಗಿಲಿಗೆ ಹಸಿರು ಬಣ್ಣವೋ ಕಂದು ಬಣ್ಣವೋ ಎಂಬಲ್ಲಿ ಸಮಿತಿ ಸರಿಯಾಗಿ ಎರಡು ಭಾಗವಾಯಿತು. ಎಲ್ಲರೂ ಉಸಿರು ಬಿಗಿಹಿಡಿದು ಎಡಗಡೆ ನೋಡಿದರು. ಉಪಾಧ್ಯಕ್ಷರು ಎದ್ದು, ಗಂಟಲು ಸರಿಮಾಡಿಕೊಂಡು, ಬಂದವರಿಗೆಲ್ಲ ವಂದನೆ ಅರ್ಪಿಸಿ ಕೂತರು. ಹಳೆಯ ಬಣ್ಣ ಕೆರೆದಿಟ್ಟ ಆ ಬಾಗಿಲು ಇಂದಿಗೂ ಬರಿಮೈಯಲ್ಲಿ ನಿಂತಿದೆ.

ಮಾಡುವ ಕೆಲಸಕ್ಕಿಂತ ಮಾಡಬಾರದ ಕೆಲಸಗಳೇ ಮುಖ್ಯ. ಅದರಲ್ಲಿ ಮೊದಲನೆಯದು, ಉಪಾಧ್ಯಕ್ಷರಾಗಲಿ ಅವರ ಮನೆಯವರಾಗಲಿ ಅಧ್ಯಕ್ಷರ ಆರೋಗ್ಯ ವಿಚಾರಿಸಬಾರದು. ಬೇರೆ ಯಾರಾದರೂ “ಹೇಗಿದ್ದೀರಿ?” ಎಂದರೆ ಅದು ಸೌಜನ್ಯ, ಉಪಾಧ್ಯಕ್ಷರು ಎಂದರೆ ಅದು “ಯಾವಾಗ ಖಾಲಿ ಮಾಡ್ತೀರಿ?” ಎಂದ ಹಾಗೆ. ಆದ್ದರಿಂದ ಭಾವನಿಗೆ ಶೀತ ಆದರೂ ಅವಳು ಗೋಡೆ ನೋಡುತ್ತ ಸುಮ್ಮನಿರಬೇಕಿತ್ತು. ಅಕ್ಕನ ಮನೆಯಲ್ಲಿ ಯಾರಾದರೂ ಸೀನಿದರೆ ಇವರಿಬ್ಬರೂ ಹವಾಮಾನದ ಮಾತು ಶುರುಮಾಡುತ್ತಿದ್ದರು.

ಇವೆಲ್ಲವನ್ನೂ ಅವಳು ನುಂಗಿಕೊಂಡಿದ್ದಳು. ನುಂಗಲಾಗದೆ ಗಂಟಲಲ್ಲಿ ಉಳಿದದ್ದು ಒಂದೇ: ಮೊದಲ ಸಾಲಿನ ಆ ಕುರ್ಚಿ. ಹಾಲಿನಲ್ಲಿ ಉಳಿದವೆಲ್ಲ ಪ್ಲಾಸ್ಟಿಕ್ ಕುರ್ಚಿಗಳು; ಅಧ್ಯಕ್ಷರ ಹೆಂಡತಿಗೆ ಮಾತ್ರ ಬೆತ್ತದ ಕುರ್ಚಿ, ಅದರ ಮೇಲೆ ಹಾಸಿಗೆ ಅಂಗಡಿಯದೇ ಮೆತ್ತನೆಯ ದಿಂಬು. ಉಪಾಧ್ಯಕ್ಷರ ಹೆಂಡತಿಗೆ ಸರಿಯಾಗಿ ಅದರ ಹಿಂದಿನ ಕುರ್ಚಿ. ಅಕ್ಕನದು ಒಳ್ಳೆ ಕುಂಬಳಕಾಯಿಯಂಥ ತುರುಬು. ವರ್ಷಗಟ್ಟಲೆ ವಾರ್ಷಿಕೋತ್ಸವಕ್ಕೆ ಹೋಗಿಯೂ ಅವಳು ಕಂಡದ್ದು ವೇದಿಕೆಯ ಬಲಗಡೆಯ ತುದಿ ಮತ್ತು ಎಡಗಡೆಯ ತುದಿಯಲ್ಲಿ ಗಂಡನ ಒಂದು ಮೊಣಕಾಲು. ಉಳಿದ ಗಂಡ ತುರುಬಿನ ಆಚೆ ಇದ್ದ.

“ನಾಳೆ ಅಂದಿದ್ರು ನಮ್ಮ ಮಾವ. ಯಾವ ನಾಳೆ ಅಂತ ಕೇಳಲಿಲ್ಲ ನೋಡಿ, ನನ್ನದೇ ತಪ್ಪು” ಎಂದು ಅವಳು ಗಂಡ ಮಲಗಲು ಹೋದಾಗಲೆಲ್ಲ ಶುರುಮಾಡುತ್ತಿದ್ದಳು. ಅವರು ಮಗ್ಗುಲು ಬದಲಿಸುತ್ತಿದ್ದರು. ಮಗ್ಗುಲು ಬದಲಾದರೂ ವಿಷಯ ಬದಲಾಗುತ್ತಿರಲಿಲ್ಲ.

ಈಚೆಗೆ ಗಾಯಕ್ಕೆ ಉಪ್ಪು ಹಚ್ಚಲು ಸಂಘದ ಕಾರ್ಯದರ್ಶಿಯ ಅಳಿಯ ಬಂದಿದ್ದ. ಮೂಲೆಯ ಬ್ಯಾಂಕಿನಲ್ಲಿ ಕೆಲಸ. ಓದುವ ಕನ್ನಡಕ ಮಾಡಿಸಲು ಬಂದವನು ವಿಸಿಟಿಂಗ್ ಕಾರ್ಡ್ ಕೊಟ್ಟ. ವೈಸ್ ಪ್ರೆಸಿಡೆಂಟ್!

“ಇಡೀ ಬ್ಯಾಂಕಿಗಾ?” ಎಂದಳು ಅವಳು ಬೆಚ್ಚಿ.

“ಅಯ್ಯೋ ಇಲ್ಲ ಆಂಟಿ. ನಮ್ಮ ಫ್ಲೋರಲ್ಲೇ ಹದಿನೇಳು ಜನ ಇದೀವಿ. ಇದಕ್ಕಿಂತ ಕೆಳಗಿನ ಪೋಸ್ಟ್ ಈಗ ಕೊಡೋದೇ ಇಲ್ಲ, ಯಾರೂ ತಗೊಳಲ್ಲ.”

ಹಿಂದೆ ಒಂದು ಬೀದಿಗೆ ಒಬ್ಬ ಉಪಾಧ್ಯಕ್ಷ. ಈಗ ಒಂದು ಲಿಫ್ಟಿಗೆ ನಾಲ್ವರು. ಮೊದಲು ಉಪದ್ರವ, ಆಮೇಲೆ ಉಪಚಾರ, ಕೊನೆಗೆ ಉಪಯೋಗವೇ ಇಲ್ಲ. ಅವಳ ಗಂಡ ಮಾತ್ರ ಆ ಕಾರ್ಡನ್ನು ಹಿಂದೆ ಮುಂದೆ ನೋಡಿ, “ಮೀಟಿಂಗ್ ತುಂಬಾ ಇರತ್ತಾ?” ಎಂದು ಕೇಳಿದ್ದರು. “ದಿನಾ ಇರತ್ತೆ ಅಂಕಲ್” ಎಂದ. “ಪುಣ್ಯವಂತ” ಎಂದಿದ್ದರು.

ಇಂಥ ಹಿನ್ನೆಲೆಯಲ್ಲಿ ನಡೆದದ್ದು ಆ ಮೌನಾಚರಣೆ. ಮರುದಿನ ಬೆಳಿಗ್ಗೆ ಕನ್ನಡಕದ ಅಂಗಡಿಯ ಶಟರ್ ಪೂರ್ತಿ ಮೇಲೇರುವ ಮೊದಲೇ ಅದರಡಿಯಲ್ಲಿ ಅಕ್ಕನ ಕಾಲುಗಳು ಕಂಡವು.

“ಏನಮ್ಮಾ, ನಿನ್ನ ಗಂಡನಿಗೆ ಅಷ್ಟು ಅವಸರ ಇದ್ರೆ ಬಾಯಿಬಿಟ್ಟು ಕೇಳಬಹುದಿತ್ತಲ್ಲ? ನಮ್ಮೆಜಮಾನ್ರನ್ನ ಮೈಕಲ್ಲೇ ಕಳಿಸಿಬಿಡೋದಾ?”

“ಏನೋ ಬಾಯ್ತಪ್ಪಿ ಆಯ್ತು ಅಕ್ಕ.”

“ಬಾಯಿ ತಪ್ಪೋಕೆ ಆ ಮನುಷ್ಯ ಬಾಯಿ ತೆಗೆದಿದ್ದು ಯಾವಾಗ ಹೇಳು? ಇಷ್ಟು ವರ್ಷದಲ್ಲಿ ತಾನಾಗಿ ಎದ್ದು ಮಾತಾಡಿದ್ದು ಇದೇ ಮೊದಲು. ಅದೂ ಎಂಥಾ ಮಾತು!”

“ಸರಿ ಬಿಡು, ಭಾವ ಈಗ ಚೆನ್ನಾಗಿದ್ದಾರೆ ತಾನೇ?”

“ನೋಡು, ನೋಡು! ಆರೋಗ್ಯ ವಿಚಾರಿಸ್ತಾ ಇದೀಯ! ನನಗೆ ಗೊತ್ತಿತ್ತು ಕಣೇ, ಇದು ನಿನ್ನ ಪಾಠ. ಆ ದಿಂಬಿನ ಮೇಲೆ ನಿನಗೆ ಮೊದಲಿಂದಾನೂ ಕಣ್ಣು.”

“ಕಣ್ಣಿಟ್ಟು ಏನು ಬಂತು? ಮಧ್ಯೆ ನಿನ್ನ ತುರುಬಿದೆಯಲ್ಲ!”

ಅಕ್ಕ ತುರುಬು ಮುಟ್ಟಿಕೊಂಡು ಬೀದಿ ದಾಟಿ ಹೊರಟುಹೋದಳು. ಅಂದಿನಿಂದ ಮಾತು ಬಂದ್. ಇಷ್ಟೂ ಹೊತ್ತು ಉಪಾಧ್ಯಕ್ಷರು ಒಂದು ಗಾಜಿಗೆ ಹಬೆ ಊದಿ ಒರೆಸುತ್ತಿದ್ದರು.

“ನಿಜ ಹೇಳಿ, ಏನಾಗಿತ್ತು ರೀ ನಿಮಗೆ?”

“ಏನೋ ಯೋಚನೇಲಿದ್ದೆ” ಎಂದರು ಅವರು, ಗಾಜನ್ನು ಬೆಳಕಿಗೆ ಹಿಡಿದು.

ಬೀದಿ ಅಷ್ಟು ಸುಲಭವಾಗಿ ಬಿಡುವುದುಂಟೆ? ಇದು ಕ್ರಾಂತಿ ಎಂದರು ಕೆಲವರು. ಜೆರಾಕ್ಸ್ ಅಂಗಡಿಯಿಟ್ಟ ಕಾರ್ಯದರ್ಶಿ ಎಲ್ಲ ವದಂತಿಗಳಿಗೂ ಒಂದೊಂದು ಪ್ರತಿ ತೆಗೆದು ಹಂಚಿದರು. “ಸಾಮಾನ್ಯ ಅಲ್ಲ ಆ ಮನುಷ್ಯ. ಕಪ್ಪು ಕನ್ನಡಕದ ಹಿಂದೆ ಎಷ್ಟು ಲೆಕ್ಕಾಚಾರ ನಡೀತಾ ಇತ್ತು ಅಂತ ಯಾರಿಗೆ ಗೊತ್ತು? ಒಂದು ಮಾತಿಲ್ಲ, ಕತೆಯಿಲ್ಲ, ಸೀದಾ ಮೌನಾಚರಣೆ! ದೂರದೃಷ್ಟಿ ಅಂದ್ರೆ ಅದು.”

ಅತ್ತ ಅಧ್ಯಕ್ಷರಿಗೆ ಎದೆಯೊಳಗೆ ಅಳುಕು ಹೊಕ್ಕಿತು. ತನ್ನ ಶ್ರದ್ಧಾಂಜಲಿಯಲ್ಲಿ ಅರ್ಧ ನಿಮಿಷ ಮನಃಪೂರ್ವಕ ಭಾಗವಹಿಸಿದವನಿಗೆ ಹಾಗಾಗುವುದು ಸಹಜವೇ. ಡಾಕ್ಟರ ಹತ್ತಿರ ಹೋದರು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, “ಏನೂ ಇಲ್ಲ, ಆರಾಮಾಗಿರಿ” ಎಂದರು. ಏನೂ ಇಲ್ಲ ಎಂದಮೇಲೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ಅವರಿಗೆ ಖಾತ್ರಿಯಾಯಿತು. ನಿದ್ದೆ ಹೋಯಿತು. ಅಂಗಡಿಯಲ್ಲಿದ್ದ ಸ್ಪ್ರಿಂಗ್ ಹಾಸಿಗೆ, ಸ್ಪಂಜಿನ ಹಾಸಿಗೆ, ಹತ್ತಿಯ ಹಾಸಿಗೆ, ಎಲ್ಲದರ ಮೇಲೂ ಸರದಿಯಲ್ಲಿ ಮಲಗಿ ನೋಡಿದರು. ಊರಿಗೆಲ್ಲ ಸುಖನಿದ್ರೆ ಮಾರಿದವರಿಗೆ ಸ್ವಂತಕ್ಕೆ ಒಂದು ಜೊಂಪು ಸಿಗಲಿಲ್ಲ. ಕೊನೆಗೆ, “ಬದುಕಿರೋವಾಗ್ಲೇ ಇಳಿದುಬಿಡ್ತೀನಪ್ಪಾ” ಎಂದು ರಾಜೀನಾಮೆ ಕೊಟ್ಟರು.

ನಿಯಮ ಸ್ಪಷ್ಟವಾಗಿತ್ತು. ಅಧ್ಯಕ್ಷ ಸ್ಥಾನ ಖಾಲಿಯಾದರೆ ಉಪಾಧ್ಯಕ್ಷನೇ ಅಧ್ಯಕ್ಷ. ಸೋದರಮಾವ ಹೇಳಿದ್ದ ನಾಳೆ ಬಂದೇಬಿಟ್ಟಿತು. ಕುದುರೆ ಮೇಲಲ್ಲ, ಮೌನಾಚರಣೆಯ ಮೇಲೆ ಬಂತು. ಬರಲಿ ಬಿಡಿ, ಬಂತಲ್ಲ.

ಸಭೆಯ ಹಿಂದಿನ ದಿನ ಅವಳು ಹಾಲಿನ ಕೀಲಿಕೈ ಇಸಿದುಕೊಂಡು, ಗುಡಿಸುವ ನೆಪದಲ್ಲಿ ಒಬ್ಬಳೇ ಮಹಡಿ ಹತ್ತಿದಳು. ಬರಿಮೈ ಬಾಗಿಲು ನೂಕಿ ಒಳಗೆ ಹೋಗಿ, ಪೊರಕೆಯನ್ನು ಗೋಡೆಗೊರಗಿಸಿ, ಅತ್ತಿತ್ತ ನೋಡಿ, ಬೆತ್ತದ ಕುರ್ಚಿಯಲ್ಲಿ ಕೂತಳು. ದಿಂಬು ಹುಸ್ಸೆಂದು ಇಳಿದು ಅವಳನ್ನು ಬರಮಾಡಿಕೊಂಡಿತು. ಎದುರಿಗೆ ಇಡೀ ವೇದಿಕೆ, ಈ ತುದಿಯಿಂದ ಆ ತುದಿವರೆಗೆ. ನಡುವೆ ಅಧ್ಯಕ್ಷರ ಕುರ್ಚಿ; ಫೋಟೋ ಚೆನ್ನಾಗಿ ಬರಲಿ ಎಂದು ಭಾವ ಹಾಕಿಸಿದ ದೊಡ್ಡ ಲೈಟು ನೇರ ಅದರ ಮೇಲೆ. ಎಡಗಡೆ ಕಂಬದ ನೆರಳಲ್ಲಿ ಫ್ಯಾನಿನ ಕೆಳಗೆ ಉಪಾಧ್ಯಕ್ಷರ ಕುರ್ಚಿ. ‘ಪಾಪ, ಇಷ್ಟು ವರ್ಷ ಈ ಕತ್ತಲ ಮೂಲೆಯಲ್ಲಿ ಕೂತರಲ್ಲ’ ಎಂದು ಅವಳ ಕರುಳು ಚುರ್ ಎಂದಿತು. ಅಲ್ಲಿಂದ ಏಳಲು ಅವಳಿಗೆ ಮನಸ್ಸೇ ಬರಲಿಲ್ಲ. ಗುಡಿಸುವುದು ಹಾಗೇ ಉಳಿಯಿತು.

ಸಭೆಯ ದಿನ ಜನವೋ ಜನ. ಅಧಿಕಾರ ಬದಲಾಗುವುದಿದೆ ಎಂದರೆ ಚಂದಾ ಕಟ್ಟದವರೂ ಬರುತ್ತಾರೆ. ಹಳೆಯ ಅಧ್ಯಕ್ಷರು ನಿದ್ದೆಗೆಟ್ಟ ಕಣ್ಣಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುದುಡಿದ್ದರು. ಅಕ್ಕ ಅಭ್ಯಾಸಬಲದಿಂದ ಬೆತ್ತದ ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು. ಏಳಿಸುವುದು ಹೇಗೆ? ಭಾಷಣ ಮುಗಿಯಲಿ, ಘೋಷಣೆ ಆಗಲಿ, ತಾನಾಗಿ ಏಳುತ್ತಾಳೆ ಎಂದು ತಂಗಿ ದೊಡ್ಡ ಮನಸ್ಸು ಮಾಡಿ ಕೊನೆಯ ಸಲಕ್ಕೆ ಎರಡನೇ ಸಾಲಿನಲ್ಲಿ ಕೂತಳು.

ಕಾರ್ಯದರ್ಶಿ ಕನ್ನಡಕದವರ ಕೈ ಹಿಡಿದು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಚಪ್ಪಾಳೆ ಬಿತ್ತು. ಲೈಟು ಹೊತ್ತಿತು. ಕಾರ್ಯದರ್ಶಿಯ ಸ್ವಾಗತ ಭಾಷಣ ಶುರುವಾಯಿತು. ಅದು ಮುಗಿಯುವ ಜಾತಿಯದಲ್ಲ. ಸಂಘದ ಹುಟ್ಟು, ಬೆಳವಣಿಗೆ, ಚರಂಡಿ, ಮತ್ತೆ ಚರಂಡಿ. ಕನ್ನಡಕದವರು ಮೊದಲು ಬಲಕ್ಕೆ ವಾಲಿದರು. ಆಮೇಲೆ ಎಡಕ್ಕೆ. ಕಪ್ಪು ಕನ್ನಡಕವನ್ನು ಮೂಗಿನ ಮೇಲೆ ಒತ್ತಿಕೊಂಡರು. ಹಣೆಗೆ ಕೈ ಅಡ್ಡ ಹಿಡಿದರು. ಬೆವರು ಒರೆಸಿಕೊಂಡರು. ಎಡಗಡೆಯ ಖಾಲಿ ಕುರ್ಚಿಯ ಕಡೆ ಒಮ್ಮೆ, ಮತ್ತೊಮ್ಮೆ, ತವರು ನೆನೆದ ಹೆಣ್ಣಿನ ಹಾಗೆ ನೋಡಿದರು.

“ನೂತನ ಅಧ್ಯಕ್ಷರು ಈಗ ಎರಡು ಮಾತು...” ಎಂದರು ಕಾರ್ಯದರ್ಶಿ.

ಕನ್ನಡಕದವರು ಎದ್ದರು. ಮತ್ತೆ ಮೌನಾಚರಣೆಯೇನೋ ಎಂದು ಹಿಂದಿನ ಸಾಲಿನವರು ಅರ್ಧ ಎದ್ದೇಬಿಟ್ಟಿದ್ದರು.

“ನನಗಿದು ಬೇಡ” ಎಂದರು ಅವರು. “ಹಾಸಿಗೆ ಅಂಗಡಿಯ ಅತ್ತಿಗೆಯವರೂ ಸಂಘದ ಸದಸ್ಯರೇ. ಅಂಗಡಿ ನಡೆಸಿದ್ದು ಅವರೇ, ಅಧ್ಯಕ್ಷರನ್ನು ನಡೆಸಿದ್ದೂ ಅವರೇ. ಅವರೇ ಅಧ್ಯಕ್ಷರಾಗಲಿ. ನಾನು ಇದ್ದಲ್ಲೇ ಇರ್ತೀನಿ. ಬಂದವರಿಗೆಲ್ಲ ವಂದನೆಗಳು.”

ಹಾಲ್ ಒಂದು ಕ್ಷಣ ಬಾಯಿ ಬಿಟ್ಟಿತು. ಆಮೇಲೆ ಚಪ್ಪಾಳೆಯೇ ಚಪ್ಪಾಳೆ. ಕಾರ್ಯದರ್ಶಿ ಕಣ್ಣೊರೆಸಿಕೊಂಡು ಮೈಕ್ ಹಿಡಿದರು. “ತ್ಯಾಗ! ಕೈಗೆ ಬಂದ ಕುರ್ಚಿಯನ್ನು ಹೀಗೆ ಬಿಟ್ಟವರನ್ನು ಎಲ್ಲಿ ಕಂಡಿದ್ದೀರಿ?” ಎಂದು ತ್ಯಾಗದ ಹುಟ್ಟು, ಬೆಳವಣಿಗೆ ಶುರುಮಾಡಿದರು. ಅಕ್ಕ ತಬ್ಬಿಬ್ಬಾಗಿ ವೇದಿಕೆ ಹತ್ತಿದಳು. ಬೆತ್ತದ ಕುರ್ಚಿ ಖಾಲಿಯಾಯಿತು. ತಂಗಿ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಭಾವ ಬಂದು ಅದರಲ್ಲಿ ಕೂತರು. ಅಧ್ಯಕ್ಷರ ಯಜಮಾನರು, ಹಕ್ಕು ಅವರದೇ. ದಿಂಬು ಅವರಿಗೂ ಹುಸ್ಸೆಂದಿತು.

ಅವಳ ಮೈ ಉರಿದುಹೋಯಿತು. ಮನೆಗೆ ಹೋದ ಮೇಲೆ ಆಡಬೇಕಾದ ಮಾತುಗಳನ್ನು ಸಾಲಾಗಿ ನಿಲ್ಲಿಸಿಕೊಂಡಳು. ಆಗ ಗಮನಕ್ಕೆ ಬಂತು, ಎದುರಿಗೆ ತುರುಬಿಲ್ಲ. ಭಾವನ ತಲೆ ನುಣ್ಣಗೆ ಬೋಳು, ಆಳು ಗಿಡ್ಡ ಬೇರೆ. ಅದರ ಮೇಲಿಂದ ಇಡೀ ವೇದಿಕೆ ಕಾಣುತ್ತಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಗಂಡ ಪೂರ್ತಿ ಕಂಡರು. ಕಂಬಕ್ಕೆ ತುಸು ಒರಗಿ, ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿ, ಕಪ್ಪು ಕನ್ನಡಕದಲ್ಲಿ ಕೂತಿದ್ದರು. ಫ್ಯಾನಿನ ಗಾಳಿಗೆ ನೆತ್ತಿಯ ನಾಲ್ಕು ಕೂದಲು ಮೆಲ್ಲಗೆ ಅಲುಗುತ್ತಿದ್ದವು. ಮುಖದಲ್ಲಿ ಎಂಥ ಶಾಂತಿ! ಮನೆಯಲ್ಲಿ ಒಂದು ದಿನವೂ ಅವಳು ಆ ಮುಖ ಕಂಡಿರಲಿಲ್ಲ. ತ್ಯಾಗ ಮಾಡಿದವರ ಕಳೆ ಇದೇ ಇರಬೇಕು ಎನಿಸಿತು. ಸಾಲಾಗಿ ನಿಂತಿದ್ದ ಮಾತುಗಳು ಒಂದೊಂದಾಗಿ ಕರಗಿದವು.

ಸಭೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಅಕ್ಕ ಬಂದು ಕೈ ಹಿಡಿದುಕೊಂಡಳು. “ತಪ್ಪು ತಿಳಿದೆ ಕಣೇ. ದೇವರಂಥ ಗಂಡ ನಿನ್ನವನು. ಬೆಳಿಗ್ಗೆ ಮನೆಗೆ ಬಾ, ಮಾತಾಡೋದು ತುಂಬಾ ಇದೆ.”

“ಬರ್ತೀನಿ ಅಕ್ಕ. ಭಾವ ಹೇಗಿದ್ದಾರೆ?” ಎಂದು ತಂಗಿ ಕೇಳಿಯೇಬಿಟ್ಟಳು. ಇನ್ನು ಕೇಳಬಹುದಿತ್ತು.

“ಅಲ್ಲಿ ನೋಡು” ಎಂದಳು ಅಕ್ಕ. ಬೆತ್ತದ ಕುರ್ಚಿಯಲ್ಲಿ ಭಾವ ಗೊರಕೆ ಹೊಡೆಯುತ್ತಿದ್ದರು.

ಗಂಡಹೆಂಡತಿ ಬೀದಿ ದಾಟಿ ಅಂಗಡಿಗೆ ಬಂದರು. ಅವಳು ಶಟರ್ ಎತ್ತಲಿಲ್ಲ. ಮೆಟ್ಟಿಲ ಮೇಲೆ ಅವರ ಪಕ್ಕ ಕೂತಳು. ದನಿಯಲ್ಲಿ ಬಹಳ ದಿನ ಇರದಿದ್ದ ಒಂದು ಮೆದುತನವಿತ್ತು.

“ರೀ, ಒಂದು ಕೇಳ್ಲಾ? ನನಗೆ ಸಿಟ್ಟಿಲ್ಲ, ನಿಜವಾಗ್ಲೂ ಇಲ್ಲ. ಇಷ್ಟು ವರ್ಷ ಕಾದಿದ್ದು ಬಂದಾಗ ಯಾಕೆ ಬೇಡ ಅಂದ್ರಿ? ಭಾವನ ಮುಖ ನೋಡಿ ಬಿಟ್ಟುಕೊಟ್ರಾ? ನಾವು ಅಕ್ಕತಂಗಿ ಚೆನ್ನಾಗಿರಲಿ ಅಂತಾನಾ?”

ಉಪಾಧ್ಯಕ್ಷರು ಕಪ್ಪು ಕನ್ನಡಕ ತೆಗೆದು, ಎರಡೂ ಕಣ್ಣುಗಳನ್ನು ಚೆನ್ನಾಗಿ ಉಜ್ಜಿಕೊಂಡರು.

“ಆ ಲೈಟು ಸೀದಾ ಮುಖಕ್ಕೇ ಹೊಡೆಯತ್ತೆ ಕಣೇ. ಇದನ್ನ ಹಾಕ್ಕೊಂಡ್ರೂ ಅಲ್ಲಿ ಒಂದು ಚೂರೂ ನಿದ್ದೆ ಬರಲ್ಲ.”